ಒಂದೂವರೆ ಬಸ್ಸಿನ ಸಿಲೆಬಸ್

ಕಳೆದ ವಾರ ಬಾದಾಮಿಯ ಕಾಲೇಜೊಂದರಲ್ಲಿ ನನ್ನನ್ನು ಮಾರಾಟಕ್ಕೆ ಇಟ್ಟಿದ್ದರು.

ಉತ್ಪ್ರೇಕ್ಷೆ ನನ್ನ ಅಭ್ಯಾಸವಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ವರಾಂಡದಲ್ಲಿ ಒಂದು ಮೇಜು. ಮೇಜಿನ ಮೇಲೆ ‘ಪತ್ರಿಕೋದ್ಯಮ’ ಎಂದು ಬರೆದ ರಟ್ಟು. ರಟ್ಟಿನ ಹಿಂದೆ ನಾನು. ಓಡಾಡುವ ಹುಡುಗ ಹುಡುಗಿಯರು ನಿಂತು ನೋಡುತ್ತಿದ್ದರು. ಕೆಲವರು ರಟ್ಟು ಓದಿದರು, ಕೆಲವರು ನನ್ನ ಮುಖ ಓದಿದರು. ಎರಡನ್ನೂ ಓದಿದವರು ಪಕ್ಕದ ಮೇಜಿಗೆ ಹೋದರು.

ಇದಕ್ಕೆಲ್ಲ ಕಾರಣ ಮಹಾಂತೇಶ. ಹುನಗುಂದದವನು. ಬಾಗಲಕೋಟೆಯ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಕೆಲವು ವರ್ಷ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಸುದ್ದಿ ತಿದ್ದಿದವನು. ಈಗ ಈ ಕಾಲೇಜಿನಲ್ಲಿ ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕ. (ವರ್ಷಗಟ್ಟಲೆ ಉಳಿದರೂ ಅತಿಥಿಯಾಗಿಯೇ ಇರಬಹುದಾದ ಜಾಗವೆಂದರೆ ನಮ್ಮ ಕಾಲೇಜುಗಳು ಮಾತ್ರ.) ಹಿಂದಿನ ದಿನ ಅವನ ಫೋನು ಬಂದಿತ್ತು.

“ಸರ್, ನಾಳಿ ಬಿ.ಎ. ಮೊದಲನೇ ವರ್ಷದವರು ಸಬ್ಜೆಕ್ಟ್ ಆರಿಸ್ಕೊಳ್ಳೂ ದಿನ ಐತ್ರಿ. ನೀವು ಬಂದು ನನ್ನ ಟೇಬಲ್ ಹಿಂದ ಕುಂತ್ರ ಸಾಕು.”

“ಕುಂತು ಏನ ಮಾಡ್ಲೋ?”

“ಏನೂ ಮಾಡಬ್ಯಾಡ್ರಿ. ಕಾಣಿಸ್ರಿ, ಸಾಕು.”

ಅವನ ಸಂಕಟ ನನಗೆ ಗೊತ್ತಿತ್ತು. ಒಂದು ವಿಷಯಕ್ಕೆ ಕನಿಷ್ಠ ಹದಿನೈದು ಮಂದಿ ಸೇರಬೇಕು. ಸೇರದಿದ್ದರೆ ಆ ವರ್ಷ ಆ ವಿಷಯ ಇಲ್ಲ. ವಿಷಯ ಇಲ್ಲವೆಂದರೆ ಅತಿಥಿಯೂ ಇಲ್ಲ. ಆ ಹೊತ್ತಿಗೆ ಅವನ ಪಟ್ಟಿಯಲ್ಲಿ ಇದ್ದದ್ದು ಒಂಬತ್ತು ಹೆಸರು. ಮರುದಿನ ಮಧ್ಯಾಹ್ನ ಎರಡಕ್ಕೆ ಪಟ್ಟಿ ಮುಚ್ಚುತ್ತದೆ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದೆ.

ವಿಷಯ ಆಯ್ಕೆಯ ದಿನವನ್ನು ನೀವು ನೋಡಿಲ್ಲವಾದರೆ ಒಮ್ಮೆ ನೋಡಬೇಕು. ವರಾಂಡದ ಉದ್ದಕ್ಕೂ ಮೇಜುಗಳು. ಪ್ರತಿ ಮೇಜಿನ ಹಿಂದೆ ಒಬ್ಬ ಉಪನ್ಯಾಸಕರು. ವರ್ಷವಿಡೀ ವಿದ್ಯಾರ್ಥಿಗಳೇ ಇವರ ಹಿಂದೆ ಓಡಾಡುತ್ತಾರೆ. ಈ ಒಂದು ದಿನ ಮಾತ್ರ ಇವರು ಅವರನ್ನು “ಬಾರವ್ವಾ, ಬಾರಪ್ಪಾ” ಎಂದು ಕರೆಯುತ್ತಾರೆ. ಸೋಮವಾರದ ಸಂತೆಯಲ್ಲೂ ಇಷ್ಟು ಮರ್ಯಾದೆಯಿಂದ ಯಾರೂ ಕರೆಯುವುದಿಲ್ಲ.

ನನ್ನ ಎಡಕ್ಕೆ ಇತಿಹಾಸ. ಅವರದು ಗಟ್ಟಿ ವ್ಯಾಪಾರ. “ನಮ್ಮೂರಿನ ಗುಹಾ ಸಿಲೆಬಸ್‌ನ್ಯಾಗ ಅದಾವ ನೋಡ್ರಿ” ಎಂದು ಆ ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು.

“ಸರ್, ಗುಹಾ ನೋಡಾಕ ಮ್ಯಾಲ ಹತ್ತಬೇಕೇನ್ರಿ?” ಎಂದು ಒಬ್ಬಳು ಕೇಳಿದಳು.

“ಏ ಇಲ್ಲ ತಂಗಿ. ಓದಿದ್ರ ಸಾಕು.”

ಅವಳು ನೆಮ್ಮದಿಯಿಂದ ಹೆಸರು ಬರೆಸಿದಳು. ಅವಳ ಬೆನ್ನ ಹಿಂದೆ, ಕಿಟಕಿಯ ಆಚೆ, ಗುಹೆಗಳಿರುವ ಅದೇ ಕೆಂಪು ಬೆಟ್ಟ ಕಾಣುತ್ತಿತ್ತು.

ನನ್ನ ಬಲಕ್ಕೆ ಐಚ್ಛಿಕ ಕನ್ನಡ. ಅಲ್ಲಿಗೆ ಬಂದವರೆಲ್ಲ ತಗ್ಗಿದ ದನಿಯಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. “ಹಳಗನ್ನಡ ಐತೇನ್ರಿ?” ಮನೆ ಬಾಡಿಗೆಗೆ ಹಿಡಿಯುವವರು ‘ತಿಗಣಿ ಅದಾವೇನ್ರಿ’ ಎಂದು ಕೇಳುವ ದನಿ ಅದು. “ಒಂದ ಯುನಿಟ್. ಅದೂ ಸಣ್ಣದು” ಎಂದು ಕನ್ನಡದ ಮೇಡಂ ಸಮಾಧಾನ ಮಾಡುತ್ತಿದ್ದರು. ಅರ್ಥಶಾಸ್ತ್ರದ ಮೇಜಿನಲ್ಲಿ “ಗ್ರಾಫ್ ತೆಗೀಬೇಕೇನ್ರಿ?” ಎಂಬ ಪ್ರಶ್ನೆ. ರಾಜ್ಯಶಾಸ್ತ್ರಕ್ಕೆ ಪ್ರಶ್ನೆಗಳೇ ಇಲ್ಲ. ಪಿ.ಎಸ್.ಐ. ಪರೀಕ್ಷೆಗೆ ಉಪಯೋಗಕ್ಕೆ ಬರುತ್ತದೆ ಎಂಬ ಒಂದೇ ಮಾತಿನ ಮೇಲೆ ಅವರ ಮೇಜಿನ ಮುಂದೆ ಸಾಲು.

ನಮ್ಮ ಮೇಜಿಗೂ ಜನ ಬಂದರು. ಯುನಿಟ್ ಎಷ್ಟು? ನೋಟ್ಸ್ ಸಿಗುತ್ತವೆಯೇ? ಇಂಪಾರ್ಟೆಂಟ್ ಪ್ರಶ್ನೆ ಕೊಡುತ್ತೀರಾ? ಇಂಗ್ಲಿಷ್ ಎಷ್ಟಿದೆ? ಒಬ್ಬ ಹುಡುಗನಂತೂ ನೇರವಾಗಿ, “ಈ ಸಬ್ಜೆಕ್ಟಿನ್ಯಾಗ ನಪಾಸ ಆದವರು ಯಾರರೆ ಅದಾರೇನ್ರಿ?” ಎಂದ. ಮಹಾಂತೇಶ ಎದೆಯುಬ್ಬಿಸಿ ಇಲ್ಲ ಎಂದ. ಹುಡುಗನಿಗೆ ಅಷ್ಟಕ್ಕೇ ತೃಪ್ತಿ ಆಗಲಿಲ್ಲ. “ಮತ್ತ ಯಾರೂ ಯಾಕ ತಗೊಳ್ಳವಲ್ರು?” ಎಂದ. ವರದಿಗಾರನಾಗಲು ತಕ್ಕ ಹುಡುಗ. ರಾಜ್ಯಶಾಸ್ತ್ರಕ್ಕೆ ಹೋದ.

ಒಂದು ಮಾತನ್ನು ಇಲ್ಲಿ ದಾಖಲಿಸಬೇಕು. ಎಷ್ಟು ಮಂದಿ ಬಂದರೂ ಒಬ್ಬರೂ ಆ ಸಿಲೆಬಸ್‌ನಲ್ಲಿ ಏನಿದೆ ಎಂದು ಕೇಳಲಿಲ್ಲ.

ನನಗೆ ಒಂದು ಹಳೆಯ ಸಭೆ ನೆನಪಾಯಿತು. ಹಿಂದೊಮ್ಮೆ ಪತ್ರಿಕೋದ್ಯಮದ ಸಿಲೆಬಸ್ ತಿದ್ದಲು ವಿಶ್ವವಿದ್ಯಾಲಯವೊಂದು ಕರೆದ ಸಭೆಗೆ ‘ಉದ್ಯಮದ ಪ್ರತಿನಿಧಿ’ಯಾಗಿ ಹೋಗಿದ್ದೆ. ‘ಸುದ್ದಿಯ ಮೂಲಗಳು’ ಎಂಬ ಪಾಠ ಎರಡನೇ ಯುನಿಟ್‌ನಲ್ಲಿ ಇರಬೇಕೋ ಮೂರನೆಯದರಲ್ಲೋ ಎಂದು ಊಟದ ತನಕ ವಾದ ನಡೆಯಿತು. ಊಟದ ನಂತರ ಮೊದಲಿದ್ದಲ್ಲೇ ಇರಲಿ ಎಂದು ತೀರ್ಮಾನವಾಯಿತು. (ಊಟ ಚೆನ್ನಾಗಿತ್ತು. ಎಣಗಾಯಿ ಬದನೆಕಾಯಿ, ಬಿಸಿ ರೊಟ್ಟಿ.) ಮೇಜಿನ ತುದಿಯಲ್ಲಿ ‘ವಿದ್ಯಾರ್ಥಿ ಪ್ರತಿನಿಧಿ’ ಎಂಬ ಫಲಕದ ಹಿಂದೆ ಒಂದು ಕುರ್ಚಿ ಸಂಜೆಯವರೆಗೂ ಖಾಲಿ ಇತ್ತು. “ಈಗಿನ ಹುಡುಗರಿಗೆ ಸಿಲೆಬಸ್ ಬಗ್ಗೆ ಆಸಕ್ತಿಯೇ ಇಲ್ಲ” ಎಂದು ಅಧ್ಯಕ್ಷರು ವಿಷಾದಿಸಿದರು. ನಾವೆಲ್ಲ ತಲೆ ಆಡಿಸಿದೆವು.

ಈಗ ಬಾದಾಮಿಯ ವರಾಂಡದಲ್ಲಿ ಕುಳಿತು ಅವರ ಮಾತು ನಿಜವೆಂದುಕೊಳ್ಳುತ್ತಿದ್ದೆ. ಆಗ ಆ ತಂದೆ ಮಗಳು ಬಂದರು.

ಮಗಳ ಹೆಸರು ಭಾಗ್ಯಶ್ರೀ. ಶಿವಯೋಗ ಮಂದಿರದಿಂದಾಚೆ ಒಂದು ಹಳ್ಳಿ. ಕೈಯಲ್ಲಿ ಆಯ್ಕೆಯ ಅರ್ಜಿ. ಮೂರು ವಿಷಯ ಬರೆಯಬೇಕಾದಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಎಂದು ಎರಡನ್ನು ಬರೆದು ಮೂರನೆಯ ಜಾಗ ಬಿಟ್ಟಿದ್ದಳು. ತಂದೆ ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು ಕೇಳಿದರು.

“ಇದನ್ನ ಓದಿದ್ರ ಮುಂದ ಏನಾಗ್ತಾರ್ರಿ?”

ಮಹಾಂತೇಶ ಈ ಕ್ಷಣಕ್ಕಾಗಿಯೇ ಕಾಯುತ್ತಿದ್ದ. ಎರಡೂ ಕೈಯಿಂದ ನನ್ನನ್ನು ತೋರಿಸಿ, “ನೋಡ್ರಿ, ಇವರಂಗ ಆಗ್ತಾರ” ಎಂದ.

ಆ ಮನುಷ್ಯ ನನ್ನನ್ನು ಚಪ್ಪಲಿಯಿಂದ ಶುರುಮಾಡಿ ನಿಧಾನವಾಗಿ ತಲೆಯವರೆಗೆ ನೋಡಿದರು. ಅವಸರವೇನೂ ಇರಲಿಲ್ಲ. ಆಮೇಲೆ ಮಹಾಂತೇಶನ ಕಡೆ ತಿರುಗಿದರು.

“ಬ್ಯಾರೆ ಏನರೆ ಆಗಾಕ ಬರತೈತೇನ್ರಿ?”

ಮೂವತ್ತು ವರ್ಷದ ವೃತ್ತಿಯಲ್ಲಿ ನನ್ನ ಬರಹವನ್ನು ಎಷ್ಟೋ ಸಂಪಾದಕರು ಕತ್ತರಿಸಿದ್ದಾರೆ. ಇಷ್ಟು ಚೊಕ್ಕಟವಾಗಿ ಯಾರೂ ಕತ್ತರಿಸಿರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಇಳಕಲ್ಲಿನ ಹುಡುಗನೊಬ್ಬ, ಬಾದಾಮಿಯಲ್ಲಿ ಹಾಸ್ಟೆಲ್‌ನಲ್ಲಿ ಇರುವವನು, ನನ್ನನ್ನೇ ಕೇಳಿದ. “ಸರ್, ಇದನ್ನ ಮಾಡಿದ್ರ ನೌಕರಿ ಸಿಗತೈತೇನ್ರಿ?”

ಪ್ರಶ್ನೆ ಕೇಳಿದರೆ ಪರಿಶೀಲಿಸಿದ ಉತ್ತರ ಕೊಡುವುದು ನಮ್ಮ ಶಿಸ್ತು. ಕೊಟ್ಟೆ. ಕೆಲವರಿಗೆ ಸಿಗುತ್ತದೆ, ಹೆಚ್ಚಿನವರಿಗೆ ಸಿಗುವುದಿಲ್ಲ, ಸಿಕ್ಕರೂ ಆರಂಭದ ಸಂಬಳ ಕಡಿಮೆ, ಮನೆಗೆ ಹೋಗುವ ಹೊತ್ತು ನಮ್ಮ ಕೈಯಲ್ಲಿ ಇರುವುದಿಲ್ಲ, ಹಬ್ಬದ ದಿನವೂ ಕೆಲಸ ಇರಬಹುದು ಎಂದೆ. ಎರಡೂ ಕಡೆಯ ಅಭಿಪ್ರಾಯ ಇರಲಿ ಎಂದು, ಕೆಲಸ ಮಾತ್ರ ಬೇಸರ ತರುವುದಿಲ್ಲ ಎಂಬುದನ್ನೂ ಸೇರಿಸಿದೆ. ಆ ಭಾಗ ಕೇಳುವಷ್ಟು ಹೊತ್ತು ಯಾರೂ ನಿಲ್ಲಲಿಲ್ಲ. ಹೆಸರು ಬರೆಸಲು ಪೆನ್ನು ತೆಗೆದಿದ್ದ ಇಬ್ಬರು ಪೆನ್ನಿನ ಟೊಪ್ಪಿ ಮುಚ್ಚಿಕೊಂಡು ಹೋದರು.

ಮಹಾಂತೇಶ ನನ್ನ ಕಿವಿಯ ಹತ್ತಿರ ಬಾಗಿದ. “ಸರ್, ನಾ ನಿಮ್ಮನ್ನ ವರದಿ ಕೊಡಾಕ ಕರದಿರಲಿಲ್ರಿ.”

ನಿಜವೇ. ಜಾಹೀರಾತು ಕೊಡು ಎಂದರೆ ಸುದ್ದಿ ಕೊಟ್ಟಿದ್ದೆ. ಇಂಥ ತಪ್ಪು ಪತ್ರಕರ್ತನಲ್ಲದೆ ಬೇರೆ ಯಾರು ಮಾಡುತ್ತಾರೆ?

ಹೊಸಬರಿಗೆ ದಾರಿ ತೋರಿಸಲು ಕೊನೆಯ ವರ್ಷದ ಕೆಲವು ವಿದ್ಯಾರ್ಥಿಗಳನ್ನು ನಿಲ್ಲಿಸಿದ್ದರು. ಅವರಲ್ಲಿ ಶಾಹೀನ್ ಒಬ್ಬಳು. ಬಾದಾಮಿಯವಳೇ. ಪತ್ರಿಕೋದ್ಯಮದ ವಿದ್ಯಾರ್ಥಿನಿ. ನಮ್ಮ ಮೇಜಿನ ದುರವಸ್ಥೆಯನ್ನು ಅವಳು ಬಹಳ ಹೊತ್ತಿನಿಂದ ಗಮನಿಸುತ್ತಿದ್ದಳೆಂದು ತೋರುತ್ತದೆ. ಹತ್ತಿರ ಬಂದಳು.

“ಸರ್, ಸಿಟ್ಟ ಮಾಡ್ಕೋಬ್ಯಾಡ್ರಿ. ನೀವು ಇಬ್ಬರೂ ಸಬ್ಜೆಕ್ಟ್ ಬಗ್ಗೆ ಹೇಳಾಕತ್ತೀರಿ.”

“ಮತ್ತ ಯಾತರ ಬಗ್ಗೆ ಹೇಳಬೇಕಿತ್ತವಾ?” ಎಂದ ಮಹಾಂತೇಶ.

“ಬಸ್ಸಿನ ಬಗ್ಗೆರಿ.”

ನಾವಿಬ್ಬರೂ ಮುಖ ನೋಡಿಕೊಂಡೆವು. ಅವಳು ನಮಗೆ ಪಾಠ ಮಾಡಲಿಲ್ಲ. ಭಾಗ್ಯಶ್ರೀಯ ಕಡೆ ತಿರುಗಿ, “ನೀ ಯಾವ ಬಸ್ಸಿಗೆ ಹೋಗ್ತಿ ತಂಗಿ?” ಎಂದಷ್ಟೇ ಕೇಳಿದಳು.

“ಒಂದೂವರೆ ಬಸ್ಸಿಗೆರಿ ಅಕ್ಕಾ.”

“ಅದು ತಪ್ಪಿದ್ರ?”

ಉತ್ತರ ಕೊಟ್ಟವರು ತಂದೆ. “ಅದು ತಪ್ಪಿದ್ರ ಐದಕ್ಕರಿ. ಊರು ಮುಟ್ಟೂದ್ರಾಗ ಹೊತ್ತು ಮುಳಗತೈತಿ. ಒಂದ್ ದಿನ ತಪ್ಪಿದ್ರ ಸುಮ್ನಿರ್ತಾರ. ಎರಡು ದಿನ ತಪ್ಪಿದ್ರ ಮನ್ಯಾಗ ಮಾತು ಸುರು ಆಗತೈತಿ. ಮೂರನೇ ದಿನ ಕಾಲೇಜ ಸಾಕು ಅಂತಾರ. ನಾ ಅನ್ನಂಗಿಲ್ರಿ. ಇವರಜ್ಜಿ ಅಂತಾಳ.”

“ಹೆಣ್ಮಕ್ಕಳಿಗೆ ಟಿಕೆಟ್ ಪುಕ್ಕಟೆ ಐತಲ್ರಿ” ಎಂದೆ ನಾನು, ಏನಾದರೂ ಹೇಳಬೇಕೆಂದು.

“ಟಿಕೆಟ್ ಪುಕ್ಕಟೆ ಐತ್ರಿ. ಬಸ್ಸಿಲ್ರಿ” ಎಂದಳು ಭಾಗ್ಯಶ್ರೀ.

ಆಮೇಲೆ ಗೊತ್ತಾಯಿತು. ಕಾಲೇಜಿನಲ್ಲಿ ಕೋಣೆಗಳು ಸಾಲದು. ಹಾಗಾಗಿ ಇತಿಹಾಸ, ರಾಜ್ಯಶಾಸ್ತ್ರ ಬೆಳಿಗ್ಗೆ. ಅವುಗಳ ಜೊತೆ ಮೂರನೆಯದಾಗಿ ತೆಗೆದುಕೊಳ್ಳಬಹುದಾದ ವಿಷಯಗಳೆಲ್ಲ ಮಧ್ಯಾಹ್ನ ಎರಡರ ಮೇಲೆ. ಉಳಿದದ್ದು ಪತ್ರಿಕೋದ್ಯಮ ಒಂದೇ. ಅದರ ವೇಳೆ ಇನ್ನೂ ಗೊತ್ತಾಗಿಲ್ಲ. ಹದಿನೈದು ಮಂದಿ ಸೇರಿದರೆ ತಾನೇ ವೇಳೆ ಗೊತ್ತುಮಾಡುವುದು? ವೇಳೆ ಗೊತ್ತಾಗದೆ ಹದಿನೈದು ಮಂದಿ ಸೇರುವುದು ಹೇಗೆ?

ಬಿಟ್ಟಿದ್ದ ಆ ಮೂರನೆಯ ಜಾಗ ಭಾಗ್ಯಶ್ರೀಯ ಸೋಮಾರಿತನ ಆಗಿರಲಿಲ್ಲ. ಬೆಳಿಗ್ಗೆಯ ವಿಷಯ ಸಿಕ್ಕರೆ ಅವಳಿಗೆ ಬಿ.ಎ. ಸಿಗುತ್ತದೆ. ಇಲ್ಲದಿದ್ದರೆ ಅಜ್ಜಿ ಗೆಲ್ಲುತ್ತಾಳೆ.

“ಸರ್, ಇದು ಒಂದರೊಳಗ ಮುಗಿತೈತೇನ್ರಿ?” ಎಂದು ಅವಳು ಮಹಾಂತೇಶನನ್ನು ಕೇಳಿದಳು.

ಮಹಾಂತೇಶ ಬಾಯಿ ತೆಗೆದ. ನನ್ನ ಮುಖ ನೋಡಿದ. ಮುಚ್ಚಿದ. (ನನ್ನ ಕೈಕೆಳಗೆ ಕೆಲಸ ಮಾಡಿದ್ದರ ಪರಿಣಾಮ ಇರಬೇಕು. ಖಚಿತವಿಲ್ಲದ್ದನ್ನು ಬರೆಯಬೇಡ ಎಂದು ಅವನಿಗೆ ಹೇಳಿದ್ದವನು ನಾನೇ.) “ಪ್ರಿನ್ಸಿಪಾಲರನ್ನ ಕೇಳಿ ಹೇಳ್ತೇನವಾ” ಎಂದ.

ಪ್ರಿನ್ಸಿಪಾಲರು ಮೀಟಿಂಗ್‌ನಲ್ಲಿದ್ದರು. ಪ್ರಿನ್ಸಿಪಾಲರು ಬೇಕಾದಾಗ ಇನ್ನೆಲ್ಲಿರುತ್ತಾರೆ?

ಕಾಯುವ ಹೊತ್ತಿನಲ್ಲಿ ಶಾಹೀನ್ ನಮ್ಮ ಮೇಜಿನ ಮುಂದೆ ನಿಂತು ವ್ಯಾಪಾರ ತನ್ನ ಕೈಗೆ ತೆಗೆದುಕೊಂಡಳು. ಬಂದವರಿಗೆಲ್ಲ ಮೊದಲ ಪ್ರಶ್ನೆ, “ಯಾವ ಊರು?” ಕೆರೂರಿನ ಕಡೆಯವರಿಗೆ ಬಸ್ಸು ಬಹಳ, ಅವರಿಗೆ ಬೇರೆ ಮಾತು. ಗುಳೇದಗುಡ್ಡದವರಿಗೆ ಬೇರೆ. ಬನಶಂಕರಿ ದಾಟಿ ಹೋಗುವವರಿಗೆ ಮಾತ್ರ, “ಇರ್ರಿ, ಟೈಮ್ ಕೇಳಾಕತ್ತೀವಿ, ಎಲ್ಲಿಗೂ ಹೋಗಬ್ಯಾಡ್ರಿ.” ಯುನಿಟ್ಟು, ನೋಟ್ಸು, ನೌಕರಿ ಯಾವುದರ ಮಾತೂ ಇಲ್ಲ. ಪಟ್ಟಿಯಲ್ಲಿ ಹೆಸರುಗಳ ಸಂಖ್ಯೆ ಏರುತ್ತ ಹೋಯಿತು. ಹದಿಮೂರಕ್ಕೆ ಬಂದು ನಿಂತಿತು.

ಆಗ ಆ ಇಳಕಲ್ಲಿನ ಹುಡುಗ ವಾಪಸು ಬಂದ. ಎಲ್ಲ ಮೇಜು ಸುತ್ತಿ ಬಂದಿದ್ದ. “ಬರಕೊಳ್ರಿ ನನ್ನ ಹೆಸರ” ಎಂದ.

“ಯಾಕಪಾ, ನೌಕರಿ ಸಿಗೂದು ತ್ರಾಸ ಅಂತ ಹೇಳಿದ್ನಲ್ಲ?” ಎಂದೆ.

“ಅದಕ್ಕರಿ ಸರ್. ಉಳದವರೆಲ್ಲಾ ಗ್ಯಾರಂಟಿ ಅಂದ್ರು. ಸಂಶೆ ಬಂತು.”

ಮಹಾಂತೇಶನ ಕಡೆ ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ. ಅಷ್ಟು ಸೌಜನ್ಯ ನನಗಿದೆ.

ಹದಿನಾಲ್ಕು. ಗಂಟೆ ಒಂದಾಗಿತ್ತು. ಭಾಗ್ಯಶ್ರೀಯ ತಂದೆ ಎದ್ದರು. “ಬಸ್ಸಿನ ಹೊತ್ತಾತ್ರಿ. ನಾಳಿ ಬಂದು ಹೇಳ್ತೀವಿ” ಎಂದರು. ನಾಳೆ ಎಂಬುದು ಪಟ್ಟಿಗೆ ಇಲ್ಲ ಎಂದು ಮಹಾಂತೇಶ ವಿವರಿಸುತ್ತಲೇ ಇದ್ದ. ಅವರಿಗೆ ಪಟ್ಟಿಯ ಗಡುವಿಗಿಂತ ಬಸ್ಸಿನ ಗಡುವು ದೊಡ್ಡದು. ಭಾಗ್ಯಶ್ರೀ ಅರ್ಜಿಯನ್ನು ನಮ್ಮ ಮೇಜಿನ ಮೇಲೆ ಇಟ್ಟು, ಮೂರನೆಯ ಜಾಗವನ್ನು ಒಮ್ಮೆ ನೋಡಿ, ತಂದೆಯ ಹಿಂದೆ ಹೋದಳು.

ಅವರು ಗೇಟು ದಾಟಿದ ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರು ಹೊರಬಂದರು. ಒಳ್ಳೆಯ ಮನುಷ್ಯ. ಮಹಾಂತೇಶ ಹೇಳಿದ್ದನ್ನೆಲ್ಲ ಕೇಳಿ, “ಬೆಳಿಗ್ಗೆ ರೂಮ್ ಎಲ್ಲೈತ್ರಿ?” ಎಂದರು.

“ಸೈಕಲ್ ಸ್ಟ್ಯಾಂಡಿನ ಬಾಜೂಕ ಸ್ಟೋರ್ ರೂಮ್ ಐತಲ್ರಿ.”

“ಅದ್ರಾಗ ಮುರದ ಬೆಂಚು, ಕಬಡ್ಡಿ ಮ್ಯಾಟು ಅದಾವ.”

“ಮುರದ ಬೆಂಚ ಆದ್ರೂ ಬೆಂಚರಿ. ಮ್ಯಾಟಿನ ಮ್ಯಾಲ ಕುಂದ್ರತೀವಿ.”

ಇಲ್ಲಿ ನಾನು ಬಾಯಿ ಹಾಕಿದೆ. ಜಾಹೀರಾತಿನಲ್ಲಿ ಸೋತವನು, ನನ್ನ ಕಸುಬಾದರೂ ಮಾಡೋಣ ಎಂದು. ಜೇಬಿನಿಂದ ಪೆನ್ನು ತೆಗೆದು, “ಪತ್ರಿಕೋದ್ಯಮದ ಕ್ಲಾಸು ಮಧ್ಯಾಹ್ನ ಒಂದರೊಳಗ ಮುಗಿತೈತಿ ಅಂತ ನೀವು ಹೇಳಿದ್ರಿ ಅಂತ ಬರೀಲೇನ್ರಿ?” ಎಂದು ಕೇಳಿದೆ.

ಅವರು ಪೆನ್ನನ್ನು ನೋಡಿದರು. ನಕ್ಕರು. “ಬರೀರಿ. ಕಾಲೇಜಿನ ಹೆಸರೊಂದ ಬ್ಯಾಡ. ನಾಳಿ ಎಲ್ಲಾ ಕಡಿಂದ ಬಸ್ಸಿನ ಟೈಮ್ ತಗೊಂಡ ಬರ್ತಾರ.”

(ಕಾಲೇಜಿನ ಹೆಸರು ಈ ಅಂಕಣದಲ್ಲಿ ಯಾಕಿಲ್ಲ ಎಂದು ಕೇಳಲಿದ್ದವರಿಗೆ ಉತ್ತರ ಸಿಕ್ಕಿತಲ್ಲ?)

ಮಹಾಂತೇಶ ಭಾಗ್ಯಶ್ರೀಯ ಅರ್ಜಿ ಎತ್ತಿಕೊಂಡು ಬೈಕಿನ ಕಡೆ ಓಡಿದ. ನಾನು ಹಿಂದೆ ಕುಳಿತೆ. ಬಾದಾಮಿಯ ಬೀದಿಯಲ್ಲಿ ಪ್ರವಾಸಿಗರ ಗಾಡಿಗಳು, ಕಬ್ಬಿನ ಹಾಲಿನ ಅಂಗಡಿ, ಗೋಡೆಯ ಮೇಲೆ ಸಾಲಾಗಿ ಕುಳಿತ ಮಂಗಗಳು. ಮಂಗಗಳು ನಮ್ಮ ಅವಸರವನ್ನು ಶಾಂತವಾಗಿ ನೋಡಿದವು. ಅವುಗಳ ಮುಂದೆ ಯಾವ ಮೇಜೂ ಇರಲಿಲ್ಲ.

ಬಸ್ಸು ಹೊರಡುವಂತಿತ್ತು. ಡ್ರೈವರ್ ಎಂಜಿನ್ ಚಾಲೂ ಮಾಡಿದ್ದ. ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ. ಮಹಾಂತೇಶ ಒಂದೊಂದೇ ಕಿಟಕಿ ನೋಡುತ್ತ ಓಡಿದ. ನಾಲ್ಕನೆಯದೋ ಐದನೆಯದೋ ಕಿಟಕಿಯಲ್ಲಿ ಬಿಳಿ ಟೊಪ್ಪಿಗೆ ಕಂಡಿತು.

“ಒಂದಕ್ಕ ಬಿಡ್ತಾರ್ರಿ. ಪ್ರಿನ್ಸಿಪಾಲರ ಹೇಳ್ಯಾರ” ಎಂದು ಮಹಾಂತೇಶ ಅರ್ಜಿಯನ್ನು ಕಿಟಕಿಯೊಳಗೆ ತೂರಿದ.

“ಏನ್ರಿ ಸರ, ಹತ್ತತೀರೋ ಇಲ್ಲೋ?” ಎಂದ ಕಂಡಕ್ಟರ್.

“ಹತ್ತಂಗಿಲ್ಲೋ ಮಾರಾಯಾ. ಒಂದ್ ಸಬ್ಜೆಕ್ಟ್ ಹತ್ತಸಾಕ ಬಂದೇನಿ.”

ತಂದೆ ಮಹಾಂತೇಶನನ್ನು ನಂಬಲಿಲ್ಲ. ವ್ಯಾಪಾರಿಯ ಮಾತು ಯಾರು ನಂಬುತ್ತಾರೆ? ಅವರು ನನ್ನತ್ತ ನೋಡಿದರು. “ನೀವು ಹೇಳ್ರಿ. ಖರೇನ?”

“ಖರೆರಿ. ನಾ ಕೇಳಿ ಬರಕೊಂಡೇನಿ.”

ಈ ಸಲ ಅವರು ನನ್ನನ್ನು ಚಪ್ಪಲಿಯಿಂದ ಶುರುಮಾಡಲಿಲ್ಲ. ಮಗಳಿಗೆ ತಲೆ ಆಡಿಸಿದರು. ಭಾಗ್ಯಶ್ರೀ ಮುಂದಿನ ಸೀಟಿನ ಬೆನ್ನಿಗೆ ಅರ್ಜಿಯನ್ನು ಒತ್ತಿ ಹಿಡಿದು ಮೂರನೆಯ ಜಾಗ ತುಂಬಿದಳು. ಅಕ್ಷರಗಳು ಬಸ್ಸಿನ ಜೊತೆಗೇ ನಡುಗುತ್ತಿದ್ದವು. ಅರ್ಜಿ ವಾಪಸು ಕೊಡುವಾಗ ನನ್ನನ್ನು ಕೇಳಿದಳು.

“ಸರ್, ನೀವು ಬರದದ್ದು ತಪ್ಪಾದ್ರ ಏನ ಮಾಡ್ತೀರಿ?”

“ಮರುದಿನ ತಿದ್ದುಪಡಿ ಹಾಕ್ತೀವವಾ.”

“ಟೈಮ್ ಟೇಬಲ್ ತಪ್ಪಾದ್ರ ಯಾರ್ ಹಾಕ್ತಾರ್ರಿ?”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಬನಶಂಕರಿಯ ಕಡೆ ತಿರುಗಿತು. ಮಹಾಂತೇಶ ಅರ್ಜಿಯನ್ನು ಎರಡು ಸಲ ಓದಿ, ಮಡಚಿ, ಜೇಬಿನಲ್ಲಿಟ್ಟು, ಜೇಬಿನ ಮೇಲೆ ಕೈ ಇಟ್ಟುಕೊಂಡೇ ಬೈಕಿನ ಹತ್ತಿರ ನಡೆದ. ಎರಡಕ್ಕೆ ಮುಂಚೆ ಪಟ್ಟಿ ಸೇರಿತು. ಹದಿನೈದು.

ಸಂಜೆ ಬಾಗಲಕೋಟೆಯ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದೆ. ಆ ಮಕ್ಕಳಿಗೆ ಸಿಲೆಬಸ್‌ನಲ್ಲಿ ಆಸಕ್ತಿ ಇಲ್ಲ ಎಂದು ಬೆಳಿಗ್ಗೆ ನಾನು ಮಾಡಿಕೊಂಡಿದ್ದ ಟಿಪ್ಪಣಿಯನ್ನು ಹೊಡೆದುಹಾಕಬೇಕಾಯಿತು. ಆಸಕ್ತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ಅವರು ಅದನ್ನು ಓದಲು ಶುರುಮಾಡುವುದು ಮೊದಲ ಯುನಿಟ್‌ನಿಂದ ಅಲ್ಲ, ಕೊನೆಯ ಗಂಟೆಯಿಂದ. ‘ಸುದ್ದಿಯ ಮೂಲಗಳು’ ಎರಡನೇ ಯುನಿಟ್‌ನಲ್ಲಿದ್ದರೂ ಮೂರರಲ್ಲಿದ್ದರೂ, ಮಧ್ಯಾಹ್ನ ಎರಡರ ಮೇಲೆ ಇದ್ದರೆ ಭಾಗ್ಯಶ್ರೀಯ ಪಾಲಿಗೆ ಅದು ಸಿಲೆಬಸ್‌ನಲ್ಲಿ ಇಲ್ಲವೇ ಇಲ್ಲ.

ಮತ್ತೆ ಆ ಸಭೆ ನೆನಪಾಯಿತು. ಮೇಜಿನ ತುದಿಯ ಆ ಕುರ್ಚಿ, ಅದರ ಮುಂದಿನ ಫಲಕ, ನಾವೆಲ್ಲ ತಲೆ ಆಡಿಸಿದ್ದು. ಎಣಗಾಯಿಯ ರುಚಿಯನ್ನು ಕೂಡ ನೆನಪಿಟ್ಟುಕೊಂಡ ನಾನು, ವರದಿಗಾರ, ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನು ಅಲ್ಲಿ ಕೇಳಿರಲಿಲ್ಲ.

ಆ ವಿದ್ಯಾರ್ಥಿ ಪ್ರತಿನಿಧಿ ಯಾವ ಬಸ್ಸಿಗೆ ಬರಬೇಕಾಗಿತ್ತು?